ತಂತಿಯ ಅಂಕೆ, ತಂತಿಯ ಅಳತೆ

ಹಾಸನದ ಯಾವುದಾದರೊಂದು ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ಎರಡು ಭಾಷೆಗಳು ಒಟ್ಟಿಗೇ ಕಿವಿಗೆ ಬೀಳುತ್ತವೆ. ಕನ್ನಡ ಮತ್ತು ಇಂಗ್ಲಿಷುಗಳನ್ನು ಕುರಿತು ನಾನು ಹೇಳುತ್ತಿಲ್ಲ. ಹಳೆಯ ಕೈಯ ಮಿಸ್ತ್ರಿಯೊಬ್ಬ ಬಂದು ‘ಮೂರು ಇಪ್ಪತ್ತು’ ಎಂಬ ತಂತಿ ಕೇಳುತ್ತಾನೆ. ಇಲ್ಲವೆ ‘ಏಳು ಇಪ್ಪತ್ತು’, ‘ಒಂದು ಹದಿನೆಂಟು’ ಎನ್ನುತ್ತಾನೆ. ಅಂಗಡಿಯವನು ಒಳಗಿನಿಂದ ಸುರುಳಿ ತಂದು ಮುಂದಿಡುತ್ತಾನೆ. ಅದರ ಮೇಲೆ ಅಚ್ಚಾಗಿರುವುದು ೧.೫, ೨.೫, ೪ ಚದರ ಮಿಲಿಮೀಟರು ಎಂಬ ಬೇರೆಯೇ ಲೆಕ್ಕ. ಕೇಳಿದವನಿಗೂ ಕೊಟ್ಟವನಿಗೂ ನಡುವೆ ಒಂದು ಭಾಷಾಂತರ ನಡೆದುಹೋಗಿರುತ್ತದೆ. ಅದು ಸರಿಯಾಗಿ ನಡೆಯಿತೇ ಎಂದು ಇಬ್ಬರೂ ವಿಚಾರಿಸುವುದಿಲ್ಲ. ಸಾಹಿತ್ಯದಲ್ಲಿ ಭಾಷಾಂತರ ಕೆಟ್ಟರೆ ವಿಮರ್ಶಕರು ಮುನಿಯುತ್ತಾರೆ, ಅಷ್ಟೆ. ತಂತಿಯ ಭಾಷಾಂತರ ಕೆಟ್ಟರೆ ಮೋಟಾರು ಸುಡುತ್ತದೆ, ಕೆಲವು ವೇಳೆ ಮನೆಯೂ ಸುಡುತ್ತದೆ.

ನಮ್ಮ ದೇಶ ಮೆಟ್ರಿಕ್ ಪದ್ಧತಿಯನ್ನು ಶಾಸನವಾಗಿ ಒಪ್ಪಿದ್ದು ೧೯೫೬ರಲ್ಲಿ. ೧೯೫೭ರಲ್ಲಿ ನಯೇ ಪೈಸೆ ಬಂದಿತು. ೧೯೫೮ರಿಂದ ಹಂತಹಂತವಾಗಿ ಕಿಲೋಗ್ರಾಮು, ಮೀಟರುಗಳು ಬಂದವು. ೧೯೬೨ರ ವೇಳೆಗೆ ವ್ಯಾಪಾರದಲ್ಲಿ ಅವು ಕಡ್ಡಾಯವಾದವು. ಆದರೆ ಅಳತೆಗಳಿಗೆ ಬೇರಿರುತ್ತದೆ. ನಮ್ಮ ಅಡಿಗೆಮನೆಗಳಲ್ಲಿ ಇಂದಿಗೂ ಅಕ್ಕಿಯನ್ನು ಪಾವಿನಲ್ಲಿಯೇ ಅಳೆಯುತ್ತಾರೆ. ಜಮೀನಿನ ಮಾತು ಬಂದರೆ ಎಕರೆ, ಗುಂಟೆಗಳನ್ನು ಬಿಟ್ಟು ಹೆಕ್ಟೇರಿನಲ್ಲಿ ಆಲೋಚಿಸುವ ರೈತನನ್ನು ನಾನು ಕಂಡಿಲ್ಲ. ತಂತಿಯ ಹಳೆಯ ಅಂಕೆಗಳೂ ಹಾಗೆಯೇ ಉಳಿದುಕೊಂಡಿವೆ. ಅವು ಉಳಿದುದರ ಬಗ್ಗೆ ನನಗೆ ತಕರಾರಿಲ್ಲ. ಅವುಗಳ ಅರ್ಥ ಮರೆತುಹೋಗಿದೆ ಎಂಬುದೇ ನನ್ನ ತಕರಾರು.

‘ಮೂರು ಇಪ್ಪತ್ತು’ ಎಂಬುದನ್ನು ೩/೨೦ ಎಂದು ಬರೆಯುವ ರೂಢಿ. ಇದು ಭಿನ್ನರಾಶಿಯಲ್ಲ. ೨೦ನೆಯ ಗೇಜಿನ ಮೂರು ಎಳೆಗಳನ್ನು ಹೊಸೆದು ಮಾಡಿದ ತಂತಿ ಎಂದು ಅದರ ಅರ್ಥ. ೭/೨೦ ಎಂದರೆ ಅದೇ ಗೇಜಿನ ಏಳು ಎಳೆಗಳು. ೧/೧೮ ಎಂದರೆ ೧೮ನೆಯ ಗೇಜಿನ ಒಂಟಿ ಎಳೆ. ಇಲ್ಲಿ ಹೊಸಬರನ್ನು ಮೊದಲು ತಬ್ಬಿಬ್ಬುಗೊಳಿಸುವ ಸಂಗತಿ ಒಂದಿದೆ: ಗೇಜಿನ ಅಂಕೆ ಹೆಚ್ಚಾದಷ್ಟೂ ತಂತಿ ಸಣ್ಣದಾಗುತ್ತದೆ. ಹದಿನೆಂಟಕ್ಕಿಂತ ಇಪ್ಪತ್ತು ಸಣ್ಣ, ಇಪ್ಪತ್ತಕ್ಕಿಂತ ಇಪ್ಪತ್ತೆರಡು ಇನ್ನೂ ಸಣ್ಣ.

ಇದು ವಿಚಿತ್ರವೆನಿಸಿದರೆ ಅಕ್ಕಸಾಲಿಗನ ಕೆಲಸವನ್ನು ನೆನೆದುಕೊಳ್ಳಬೇಕು. ಬೆಳ್ಳಿಯ ತಂತಿ ಮಾಡುವಾಗ ಆತ ಒಂದು ಉಕ್ಕಿನ ಪಟ್ಟಿಯನ್ನು ಬಳಸುತ್ತಾನೆ. ಕಂಬಚ್ಚು ಎಂದು ಅದರ ಹೆಸರು. ಅದರಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂತುಗಳಿರುತ್ತವೆ. ಬೆಳ್ಳಿಯ ಕಡ್ಡಿಯನ್ನು ಮೊದಲ ತೂತಿನಲ್ಲಿ ತೂರಿಸಿ ಇಕ್ಕುಳದಿಂದ ಎಳೆಯಬೇಕು. ಬಂದದ್ದನ್ನು ಎರಡನೆಯದರಲ್ಲಿ, ಆಮೇಲೆ ಮೂರನೆಯದರಲ್ಲಿ. ಎಳೆದಷ್ಟೂ ತಂತಿ ಉದ್ದವಾಗುತ್ತದೆ, ತೆಳ್ಳಗಾಗುತ್ತದೆ. ಇಂಗ್ಲೆಂಡಿನ ಕಬ್ಬಿಣದ ತಂತಿ ಮಾಡುವವರದೂ ಇದೇ ಕ್ರಮ. ಗೇಜಿನ ಅಂಕೆ ಹುಟ್ಟಿದ್ದು ಎಳೆತಗಳ ಲೆಕ್ಕದಿಂದ. ಹೆಚ್ಚು ಸಲ ಎಳೆಸಿಕೊಂಡ ತಂತಿಗೆ ಹೆಚ್ಚಿನ ಅಂಕೆ ಸಿಕ್ಕಿತು. ಅಂದಮೇಲೆ ಗೇಜು ಎಂಬುದು ಮೂಲತಃ ದಪ್ಪದ ಅಳತೆಯೇ ಅಲ್ಲ. ಅದು ಕಸಬುದಾರನೊಬ್ಬನ ದುಡಿಮೆಯ ಎಣಿಕೆ.

ಕಸಬುದಾರರು ಹಲವರಾದ್ದರಿಂದ ಗೇಜುಗಳೂ ಹಲವಾದವು. ಬರ್ಮಿಂಗ್‌ಹ್ಯಾಮಿನದು ಒಂದು, ಬೇರೆ ಊರುಗಳವು ಬೇರೆ. ತಂತಿ ಸಮಾಚಾರದ ತಂತಿಗಳು ಖಂಡಖಂಡಗಳಿಗೆ ಹಬ್ಬಿದ ಕಾಲದಲ್ಲಿ ಈ ಗೊಂದಲ ಸಾಗದಾಯಿತು. ಬ್ರಿಟಿಷ್ ಸರ್ಕಾರ ೧೮೮೩ರಲ್ಲಿ ಒಂದು ಆಜ್ಞೆ ಹೊರಡಿಸಿ ಎಲ್ಲಕ್ಕೂ ಒಂದೇ ಪಟ್ಟಿಯನ್ನು ಗೊತ್ತುಮಾಡಿತು. ೧೮೮೪ರಿಂದ ಅದು ಜಾರಿಗೆ ಬಂದಿತು. ಅದೇ ಸ್ಟ್ಯಾಂಡರ್ಡ್ ವೈರ್ ಗೇಜ್. ನಮ್ಮ ಅಂಗಡಿಗಳ ಹದಿನೆಂಟು, ಇಪ್ಪತ್ತುಗಳು ಆ ಪಟ್ಟಿಯ ಸಂತತಿ. ಅದರಂತೆ ೧೮ನೆಯ ಗೇಜಿನ ವ್ಯಾಸ ಇಂಚಿನ ಸಾವಿರದ ೪೮ ಭಾಗ, ೨೦ನೆಯದು ೩೬ ಭಾಗ, ೨೨ನೆಯದು ೨೮ ಭಾಗ.

ವ್ಯಾಸ ಗೊತ್ತಾದ ಮಾತ್ರಕ್ಕೆ ತಂತಿ ಗೊತ್ತಾಯಿತೆನ್ನುವಂತಿಲ್ಲ. ವಿದ್ಯುತ್ತು ಹರಿಯುವುದು ತಂತಿಯ ಮೈಯಗಲದಲ್ಲಿ, ಎಂದರೆ ಅದನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ಬಿಲ್ಲೆಯ ವಿಸ್ತೀರ್ಣದಲ್ಲಿ. ನಿವೇಶನ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತು ನಲವತ್ತು ಅಡಿಯ ನಿವೇಶನದ ಎರಡೂ ಪಕ್ಕಗಳನ್ನು ಇಮ್ಮಡಿ ಮಾಡಿದರೆ ಅರವತ್ತು ಎಂಬತ್ತಾಗುತ್ತದೆ. ಅದರಲ್ಲಿ ಅಂಥ ನಾಲ್ಕು ನಿವೇಶನಗಳು ಅಡಗುತ್ತವೆ. ತಂತಿಯ ವ್ಯಾಸ ಇಮ್ಮಡಿಯಾದರೆ ಅದರ ಸಾಮರ್ಥ್ಯದ ಬಿಲ್ಲೆ ನಾಲ್ಮಡಿಯಾಗುತ್ತದೆ. ಕಣ್ಣು ಇಲ್ಲಿ ಮೋಸಹೋಗುತ್ತದೆ. ಕಣ್ಣು ನೋಡುವುದು ದಪ್ಪವನ್ನು. ವಿದ್ಯುತ್ತಿಗೆ ಬೇಕಾದ್ದು ದಪ್ಪದ ವರ್ಗ.

ಇದಕ್ಕೊಂದು ಸೊಗಸಾದ ನಿದರ್ಶನವಿದೆ. ಮೇಜಿನ ದೀಪಕ್ಕೂ ಇಸ್ತ್ರಿಪೆಟ್ಟಿಗೆಗೂ ಬಳಸುವ ಬಳುಕುವ ತಂತಿಯಲ್ಲಿ ೪೦/೩೬ ಎಂಬುದೊಂದು ಬಗೆ: ೩೬ನೆಯ ಗೇಜಿನ ನಲವತ್ತು ಕೂದಲೆಳೆಗಳು. ೧/೧೮ರಲ್ಲಿ ಇರುವುದು ಒಂದೇ ಎಳೆ. ಎರಡರ ತಾಮ್ರವೂ ಹೆಚ್ಚುಕಡಮೆ ಸರಿಸಮ! ಹದಿನೆಂಟರ ಇಮ್ಮಡಿ ಮೂವತ್ತಾರು ನಿಜ. ಆದರೆ ಮೂವತ್ತಾರರ ನಲವತ್ತು ಎಳೆ ಸೇರಿದರೆ ಹದಿನೆಂಟರ ಒಂದು ಎಳೆ. ಗೇಜಿನ ಅಂಕೆಗಳನ್ನು ಕೂಡಿ ಕಳೆದು ಭಾಗಿಸಲು ಹೊರಡುವುದು, ಮನೆಗಳ ಬಾಗಿಲಿನ ನಂಬರುಗಳನ್ನು ಕೂಡಿ ಊರಿನ ಜನಸಂಖ್ಯೆ ಕಂಡುಹಿಡಿಯಹೊರಟಂತೆ.

ಹಾಗಾದರೆ ಮಾರ್ಪಡಿಸುವುದು ಹೇಗೆ? ಬಾನುಲಿಯಲ್ಲಿ ಅಂಕಿಗಳನ್ನು ಓದುವುದು ಕೇಳುವವರಿಗೆ ಶಿಕ್ಷೆಯೆಂದು ಬಲ್ಲೆ. ಆದರೂ ಇದೊಂದು ಉಪಾಯವನ್ನು ಹೇಳದೆ ವಿಧಿಯಿಲ್ಲ. ಇಂಚಿನ ಸಾವಿರದ ಒಂದು ಭಾಗವನ್ನು ಮಿಲ್ ಎನ್ನುತ್ತಾರೆ. ತಂತಿಯ ವ್ಯಾಸವನ್ನು ಮಿಲ್ಲುಗಳಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ. ಬಂದ ಮೊತ್ತಕ್ಕೆ ಸರ್ಕ್ಯುಲರ್ ಮಿಲ್ ಎಂದು ಹೆಸರು. ವೃತ್ತದ ವಿಸ್ತೀರ್ಣಕ್ಕೆ ಬೇಕಾಗುವ ‘ಪೈ’ ಎಂಬ ತಲೆನೋವನ್ನು ತಪ್ಪಿಸಲು ತಂತಿಯವರು ಮಾಡಿಕೊಂಡ ಜಾಣತನ ಇದು: ಚೌಕವನ್ನು ಬಿಟ್ಟು ದುಂಡು ಬಿಲ್ಲೆಯನ್ನೇ ಮಾನವಾಗಿ ಹಿಡಿದರು. ಒಂದು ಚದರ ಮಿಲಿಮೀಟರಿಗೆ ಇಂಥವು ಸುಮಾರು ೧,೯೭೪. ಬಾಯಿಲೆಕ್ಕಕ್ಕೆ ಎರಡು ಸಾವಿರವೆಂದರೆ ಸಾಕು. ಇನ್ನು ೩/೨೦ನ್ನು ತೆಗೆದುಕೊಳ್ಳಿ. ಒಂದು ಎಳೆ ೩೬ ಮಿಲ್. ೩೬ನ್ನು ೩೬ರಿಂದ ಗುಣಿಸಿದರೆ ೧,೨೯೬. ಮೂರು ಎಳೆಗೆ ೩,೮೮೮. ಅದನ್ನು ೧,೯೭೪ರಿಂದ ಭಾಗಿಸಿದರೆ ೧.೯೭ ಚದರ ಮಿಲಿಮೀಟರು. ಹೀಗೆಯೇ ೭/೨೦ ಎಂದರೆ ೪.೬, ೧/೧೮ ಎಂದರೆ ೧.೧೭, ೩/೨೨ ಎಂದರೆ ೧.೧೯.

ಹೊಸ ಪದ್ಧತಿಯಲ್ಲಿ ಸಿಕ್ಕುವ ಅಳತೆಗಳು ೧, ೧.೫, ೨.೫, ೪, ೬ ಎಂದು ಸಾಗುತ್ತವೆ. ಹಳೆಯ ೧.೯೭ ಇವುಗಳಲ್ಲಿ ಎಲ್ಲಿಯೂ ಕೂರುವುದಿಲ್ಲ. ಅದು ಒಂದೂವರೆಗೂ ಎರಡೂವರೆಗೂ ಸರಿಯಾಗಿ ನಡುವೆ ನಿಂತಿದೆ. ೭/೨೦ ಎಂಬುದು ನಾಲ್ಕಕ್ಕೂ ಆರಕ್ಕೂ ನಡುವೆ. ಎಂದರೆ ಈ ಶಬ್ದಗಳಿಗೆ ಸಮಾನಪದವೇ ಇಲ್ಲ. ಭಾಷಾಂತರಕಾರರಿಗೆ ಈ ಸಂಕಟ ಹೊಸದಲ್ಲ. ಅವರಿಗೆ ಅಡಿಟಿಪ್ಪಣಿಯ ಸೌಲಭ್ಯವಾದರೂ ಉಂಟು. ತಂತಿಯವನು ಎರಡರಲ್ಲಿ ಒಂದನ್ನು ಆರಿಸಲೇಬೇಕು. ಅಂಗಡಿಗಳಲ್ಲಿ ಅಗ್ಗವೆಂದು ಕೆಳಗಿನದನ್ನು ಕೊಡುವುದುಂಟು. ೩/೨೦ ಇದ್ದ ಜಾಗಕ್ಕೆ ೧.೫ ಬಂದರೆ ನಾಲ್ಕರಲ್ಲಿ ಒಂದು ಪಾಲು ತಾಮ್ರ ಸದ್ದಿಲ್ಲದೆ ಕಳೆದುಹೋಯಿತು. ಹಳೆಯ ತಂತಿಯ ಬದಲಿಗೆ ಹೊಸದನ್ನು ಹಾಕುವಾಗ ಮೇಲಿನ ಅಳತೆಗೇ ಹತ್ತಬೇಕು: ೩/೨೦ಕ್ಕೆ ೨.೫, ೭/೨೦ಕ್ಕೆ ೬, ೧/೧೮ಕ್ಕೆ ೧.೫.

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳು ಈಗ ನಮ್ಮ ಕಡೆಯೂ ಕಡಮೆಯಿಲ್ಲವಾದ್ದರಿಂದ ಇನ್ನೊಂದು ಮಾತು. ಅಲ್ಲಿಯವರದೂ ಗೇಜೇ, ಆದರೆ ಅದು ಬೇರೆ ಗೇಜು. ೧೮೫೭ರಲ್ಲಿ ಬ್ರೌನ್ ಅಂಡ್ ಶಾರ್ಪ್ ಎಂಬ ಕಂಪನಿ ಹೊರತಂದ ಆ ಪಟ್ಟಿ ಗಣಿತದ ದೃಷ್ಟಿಯಿಂದ ಬ್ರಿಟಿಷರದಕ್ಕಿಂತ ಅಚ್ಚುಕಟ್ಟು. ಪ್ರತಿ ಮೂರು ಅಂಕೆ ಏರಿದಾಗಲೂ ಬಿಲ್ಲೆಯ ವಿಸ್ತೀರ್ಣ ಅರ್ಧಕ್ಕಿಳಿಯುತ್ತದೆ. ಆರು ಅಂಕೆ ಏರಿದರೆ ವ್ಯಾಸವೇ ಅರ್ಧ. ತೊಡಕೆಂದರೆ, ಅಂಕೆ ಒಂದೇ ಇದ್ದು ತಂತಿ ಬೇರೆ. ಬ್ರಿಟಿಷ್ ಪಟ್ಟಿಯ ೧೬ ಎಂದರೆ ಸುಮಾರು ೨.೦೮ ಚದರ ಮಿಲಿಮೀಟರು. ಅಮೆರಿಕದ ೧೬ ಬರೀ ೧.೩೧. ಮನೆಬಳಕೆಯ ತಂತಿಗಳ ಮಟ್ಟಿಗೆ ಎರಡು ಅಂಕೆಗಳ ವ್ಯತ್ಯಾಸವೆಂದು ನೆನಪಿಟ್ಟುಕೊಳ್ಳಬಹುದು: ಅವರ ಹನ್ನೆರಡು ನಮ್ಮ ಹದಿನಾಲ್ಕು, ಅವರ ಹದಿನಾಲ್ಕು ನಮ್ಮ ಹದಿನಾರು. ಮಗ ಪೆಟ್ಟಿಗೆಯಲ್ಲಿ ತಂದ ಉದ್ದನೆಯ ತಂತಿಯ ಮೇಲೆ ೧೬ ಎಂದಿರುವುದನ್ನು ಕಂಡು ಇಲ್ಲಿಯ ಮಿಸ್ತ್ರಿ ತನ್ನ ಪಟ್ಟಿಯ ಹದಿನಾರೆಂದು ತಿಳಿದು ನೀರು ಕಾಯಿಸುವ ಗೀಸರಿಗೆ ಜೋಡಿಸಿದರೆ, ತಂತಿ ಬಿಸಿಯಾಗಿ ಅದರ ಹೊದಿಕೆ ಮೆತ್ತಗಾಗಬಹುದು. ಆ ಹೊದಿಕೆ ಸಾಮಾನ್ಯವಾಗಿ ತಡೆಯುವುದು ೭೦ ಡಿಗ್ರಿಯವರೆಗೆ ಮಾತ್ರ.

ಬಿಸಿಯಾಗುವುದು ಒಂದು ಅಪಾಯ. ಬಿಸಿಯಾಗದೆಯೂ ತಂತಿ ಕೈಕೊಡುವುದುಂಟು; ಹಳ್ಳಿಯ ಕಡೆ ಹೆಚ್ಚಾಗಿ ಆಗುವುದು ಅದೇ. ಹಾಸನದ ಬಳಿಯ ಶೆಟ್ಟಿಹಳ್ಳಿಯನ್ನು ನಿಮ್ಮಲ್ಲಿ ಬಹುಮಂದಿ ನೋಡಿರಬಹುದು. ಹೇಮಾವತಿಯ ಹಿನ್ನೀರು ಏರಿದಾಗ ನೀರೊಳಗೆ ನಿಲ್ಲುವ ಪಾಳು ಇಗರ್ಜಿಯ ಚಿತ್ರ ಈಗ ಎಲ್ಲೆಲ್ಲಿಯೂ ಪ್ರಸಿದ್ಧವಾಗಿದೆ. ಆ ಸೀಮೆಯಲ್ಲಿ ನನ್ನ ತಂಗಿಯ ಮಗನಿಗೆ ಒಂದಿಷ್ಟು ತೋಟವಿದೆ. ಮನೆಯ ಮೀಟರಿನಿಂದ ಬಾವಿಗೆ ೧೫೦ ಮೀಟರು. ಬಾವಿಯಲ್ಲಿ ಎರಡು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು. ಹಳೆಯ ಮನೆ ಬಿಚ್ಚಿದಾಗ ಉಳಿದ ೩/೨೦ರ ತಂತಿಯನ್ನು ಅಲ್ಲಿಯವರೆಗೆ ಎಳೆಸಿದ್ದ. ಬೆಳಗಿನ ಹೊತ್ತು ಮೋಟಾರು ಹೇಗೋ ಓಡುತ್ತಿತ್ತು. ಸಂಜೆ ಗೊಣಗುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಒಂದು ವರ್ಷದಲ್ಲಿ ಎರಡು ಸಲ ಅದರ ಸುರುಳಿ ಸುಟ್ಟು, ಮರುಸುತ್ತು ಹಾಕಿಸಿದ್ದಾಗಿತ್ತು. ತಂತಿ ಸಣ್ಣದಾಯಿತಪ್ಪ ಎಂದೆ.

‘ಮಾವ, ತಂತಿ ಬಿಸೀನೇ ಆಗಲ್ವಲ್ಲ! ಬೇಕಾದ್ರೆ ಮುಟ್ಟಿ ನೋಡಿ. ಬಿಸಿಯಾಗದೇ ಇರೋ ತಂತೀನ ಸಣ್ಣದು ಅಂತ ಹೆಂಗೆ ಹೇಳ್ತೀರಿ?’ ಎಂದು ಕೇಳಿದ.

ಪ್ರಶ್ನೆ ಬುದ್ಧಿವಂತರದೇ. ಉತ್ತರ ತಂತಿಯ ಉದ್ದದಲ್ಲಿದೆ. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿ ಒಂದು ಕಿಲೋಮೀಟರು ಉದ್ದವಿದ್ದರೆ ಸುಮಾರು ೧೭ ಓಮಿನಷ್ಟು ಅಡ್ಡಿ ಒಡ್ಡುತ್ತದೆ. ಉದ್ದ ಹೆಚ್ಚಿದಷ್ಟೂ ಅಡ್ಡಿ ಹೆಚ್ಚು, ಬಿಲ್ಲೆ ಅಗಲವಾದಷ್ಟೂ ಕಡಮೆ. ವಿದ್ಯುತ್ತು ಹೋಗುವುದಲ್ಲದೆ ಹಿಂದಿರುಗಲೂ ಬೇಕಾದ್ದರಿಂದ ೧೫೦ ಮೀಟರಿನ ದಾರಿಗೆ ೩೦೦ ಮೀಟರಿನ ತಂತಿ. ಹುಡುಗನ ೧.೯೭ ಚದರ ಮಿಲಿಮೀಟರಿಗೆ ಲೆಕ್ಕ ಹಾಕಿದರೆ ಅಡ್ಡಿ ೨.೬ ಓಮು. ಮೋಟಾರು ಹತ್ತು ಆಂಪಿಯರಿಗೆ ಕಡಮೆಯಿಲ್ಲದೆ ಎಳೆಯುತ್ತದೆ. ಹತ್ತೆಂದೇ ಹಿಡಿದರೂ ದಾರಿಯಲ್ಲಿ ೨೬ ವೋಲ್ಟು ಸೋರಿಹೋಯಿತು. ಮೀಟರಿನಲ್ಲಿ ೨೩೦ ಇದ್ದಾಗ ಬಾವಿಯಲ್ಲಿ ೨೦೪. ಸಂಜೆ ಊರಿಗೆ ಊರೇ ಸ್ವಿಚ್ಚು ಹಾಕಿ ಮೀಟರಿನಲ್ಲಿಯೇ ೨೦೦ಕ್ಕೆ ಇಳಿದಾಗ ಬಾವಿಗೆ ತಲಪುವುದು ೧೭೪. ಮೋಟಾರು ಓಟ ಹಿಡಿಯುವ ಮೊದಲ ಕ್ಷಣದಲ್ಲಿ ಐದಾರು ಪಟ್ಟು ಹೆಚ್ಚು ಪ್ರವಾಹ ಬೇಡುವುದರಿಂದ ಆಗಿನ ಸೋರಿಕೆ ಇನ್ನೂ ವಿಪರೀತ. ಅದು ಗೊಣಗಿದ್ದು ಇದಕ್ಕೇ. ಒತ್ತಡ ಸಾಲದೆ ಬಂದಾಗ ಮೋಟಾರು ಸುಮ್ಮನಿರುವುದಿಲ್ಲ. ಅದೇ ಭಾರವನ್ನು ಎತ್ತಲು ಹೆಚ್ಚು ಪ್ರವಾಹವನ್ನು ಎಳೆದುಕೊಂಡು ತನ್ನ ಸುರುಳಿಯನ್ನು ತಾನೇ ಸುಟ್ಟುಕೊಳ್ಳುತ್ತದೆ.

ತಂತಿಯಲ್ಲಿ ಸೋರಿಹೋದ ೨೬ ವೋಲ್ಟು, ಹತ್ತು ಆಂಪಿಯರು ಎಂದರೆ ೨೬೦ ವಾಟು. ಎರಡೂವರೆ ದೊಡ್ಡ ಬಲ್ಬುಗಳ ಶಾಖ. ಅದು ಮುನ್ನೂರು ಮೀಟರಿನ ಉದ್ದಕ್ಕೂ ಹಂಚಿಹೋಗುವುದರಿಂದ ಮುಟ್ಟಿದ ಕೈಗೆ ತಿಳಿಯುವುದಿಲ್ಲ. ಆದ್ದರಿಂದ ತಂತಿಗೆ ಎರಡು ಪರೀಕ್ಷೆಗಳು. ಇಷ್ಟು ಪ್ರವಾಹಕ್ಕೆ ಬಿಸಿಯಾಗದೆ ತಾಳುತ್ತದೆಯೇ ಎಂಬುದು ಒಂದು. ಇಷ್ಟು ದೂರಕ್ಕೆ ಒತ್ತಡವನ್ನು ಕಳೆಯದೆ ಒಯ್ಯುತ್ತದೆಯೇ ಎಂಬುದು ಇನ್ನೊಂದು. ಮನೆಯೊಳಗೆ ಮೊದಲನೆಯದೇ ಮುಖ್ಯ, ಹೊಲದಲ್ಲಿ ಎರಡನೆಯದು. ಅದೇ ದೂರಕ್ಕೆ ೨.೫ರ ತಂತಿಯಲ್ಲಿ ಸೋರಿಕೆ ೨೧ ವೋಲ್ಟು, ನಾಲ್ಕರಲ್ಲಿ ೧೩, ಆರರಲ್ಲಿ ಒಂಬತ್ತಕ್ಕಿಂತ ಕಡಮೆ. ಆರರ ತಂತಿಯ ಬೆಲೆ ಕೇಳಿ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎರಡು ಸಲದ ಮರುಸುತ್ತಿನ ಕೂಲಿಯನ್ನೂ ನೀರಿಲ್ಲದೆ ಒಣಗಿದ ಆಲೂಗಡ್ಡೆಯ ಪಾತಿಯನ್ನೂ ಅದರ ಪಕ್ಕದಲ್ಲಿಟ್ಟು ನೋಡಿದ ಮೇಲೆ ಆರನ್ನೇ ತಂದ.

ದೂರಕ್ಕೆ ವಿದ್ಯುತ್ತನ್ನು ಒಯ್ಯುವ ಈ ಸಂಕಟವನ್ನು ದೊಡ್ಡ ಪ್ರಮಾಣದಲ್ಲಿ ಮೊಟ್ಟಮೊದಲು ಎದುರಿಸಿದವರಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಒಂದೆಂಬುದು ಹೆಮ್ಮೆಯ ಸಂಗತಿ. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ದಾರಿ ೯೨ ಮೈಲಿ. ಅಂದಿನ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಅದೊಂದು. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, ೧೯೦೫ರಲ್ಲಿ. ಅಷ್ಟು ದೂರಕ್ಕೆ ತಂತಿಯನ್ನು ದಪ್ಪವಾಗಿಸುತ್ತ ಹೋದರೆ ಚಿನ್ನದ ಗಣಿಯ ಚಿನ್ನವೂ ತಾಮ್ರಕ್ಕೆ ಸಾಲದು. ಎಂಜಿನಿಯರರು ಹಿಡಿದ ದಾರಿ ಬೇರೆ. ಒತ್ತಡವನ್ನು ಹತ್ತು ಪಟ್ಟು ಏರಿಸಿದರೆ ಅದೇ ಶಕ್ತಿಗೆ ಪ್ರವಾಹ ಹತ್ತರಲ್ಲೊಂದು ಸಾಕು. ತಂತಿ ಅದೇ ಆಗಿದ್ದರೆ ನಷ್ಟ ನೂರರಲ್ಲೊಂದಕ್ಕೆ ಇಳಿಯುತ್ತದೆ. ಸಾವಿರಾರು ವೋಲ್ಟುಗಳ ಮಾರ್ಗಗಳು ಊರೂರು ದಾಟುತ್ತಿರುವುದು ಈ ಕಾರಣದಿಂದ. ಇನ್ನೊಂದು ಸ್ವಾರಸ್ಯ: ಶಿವನಸಮುದ್ರದ ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೈಸ್ ಕಂಪನಿಯವು, ನಾಡಿನಲ್ಲಿ ಚಲಾವಣೆಯಲ್ಲಿದ್ದುದು ಬ್ರಿಟಿಷರ ಇಂಚು, ಅಡಿ. ಮೂರು ನಾಡುಗಳ ಅಳತೆಗೋಲುಗಳು ಕಾವೇರಿಯ ದಂಡೆಯಲ್ಲಿ ಕೂಡಿದ್ದವು.

ಈಗ ಬಯಲಿನ ಕಂಬಗಳ ಮೇಲೆ ತಾಮ್ರ ಕಾಣುವುದು ಅಪರೂಪ. ಆ ಸ್ಥಾನಕ್ಕೆ ಅಲ್ಯೂಮಿನಿಯಂ ಬಂದಿದೆ. ಅದರ ಅಡ್ಡಿ ತಾಮ್ರದ್ದಕ್ಕಿಂತ ಹೆಚ್ಚಾದ್ದರಿಂದ ಅದೇ ಕೆಲಸಕ್ಕೆ ಒಂದೂ ಮುಕ್ಕಾಲು ಪಾಲಿಗೆ ಸಮೀಪದ ಅಗಲ ಬೇಕು. ಆದರೂ ತೂಕದಲ್ಲಿ ಅದು ತಾಮ್ರದ ಅರ್ಧ. ಬಲಕ್ಕಾಗಿ ನಡುವೆ ಉಕ್ಕಿನ ಎಳೆಯೊಂದನ್ನು ಇಟ್ಟು ಸುತ್ತಲೂ ಅಲ್ಯೂಮಿನಿಯಂ ಎಳೆಗಳನ್ನು ಹೊಸೆಯುತ್ತಾರೆ. ಈ ತಂತಿಗಳಿಗೆ ಬ್ರಿಟಿಷರಿಂದ ಬಂದ ಹೆಸರುಗಳು ಪ್ರಾಣಿಗಳವು: ಸ್ಕ್ವಿರಲ್, ವೀಸಲ್, ರ್‍ಯಾಬಿಟ್, ಡಾಗ್, ಪ್ಯಾಂಥರ್, ಜೀಬ್ರಾ, ಮೂಸ್. ಅಳಿಲಿನಿಂದ ಹೊರಟು ಮೊಲ, ನಾಯಿ, ಚಿರತೆಗಳನ್ನು ಹಾದು ದೊಡ್ಡ ಕಡವೆಯವರೆಗೆ, ಪ್ರಾಣಿ ಬೆಳೆದಂತೆ ತಂತಿಯೂ ಬೆಳೆಯುತ್ತದೆ. ನಮ್ಮ ಹಳ್ಳಿಯ ಲೈನ್‌ಮನ್ನುಗಳು ‘ಇಲ್ಲಿ ರ್‍ಯಾಬಿಟ್ ಹಾಕಬೇಕು’ ಎನ್ನುವುದನ್ನು ಕೇಳಿ ಒಬ್ಬ ಕವಿಮಿತ್ರರು ಬಹಳ ಸಂತೋಷಪಟ್ಟರು. ನನಗಂತೂ ಈ ನಾಮಕರಣ ಗೇಜಿಗಿಂತ ಪ್ರಾಮಾಣಿಕವಾದದ್ದೆನಿಸುತ್ತದೆ. ಮೊಲವನ್ನು ಎರಡರಿಂದ ಗುಣಿಸಿದರೆ ನಾಯಿಯಾಗುತ್ತದೆಂದು ಯಾರೂ ಭ್ರಮಿಸುವುದಿಲ್ಲ.

ಕೈಯಲ್ಲಿರುವ ಹಳೆಯ ತಂತಿ ಯಾವುದೆಂದು ತಿಳಿಯದಿದ್ದರೆ ವಿದ್ಯುತ್ ಸಂಪರ್ಕವಿಲ್ಲದ ತುಂಡೊಂದರ ಹೊದಿಕೆ ಸುಲಿದು ಒಂದು ಎಳೆಯನ್ನು ಪೆನ್ಸಿಲಿಗೆ ಒತ್ತೊತ್ತಾಗಿ ಇಪ್ಪತ್ತು ಸುತ್ತು ಸುತ್ತಿ. ಸುತ್ತುಗಳ ಒಟ್ಟು ಅಗಲವನ್ನು ಅಳತೆಪಟ್ಟಿಯಲ್ಲಿ ಅಳೆದು ಇಪ್ಪತ್ತರಿಂದ ಭಾಗಿಸಿದರೆ ವ್ಯಾಸ ಸಿಕ್ಕಿತು. ೨೦ನೆಯ ಗೇಜಾದರೆ ಇಪ್ಪತ್ತು ಸುತ್ತಿಗೆ ೧೮ ಮಿಲಿಮೀಟರಿನ ಸುಮಾರು ಬರುತ್ತದೆ. ಪ್ರೌಢಶಾಲೆಯ ಹುಡುಗರಿದ್ದರೆ ಅವರ ಪ್ರಯೋಗಶಾಲೆಯ ಸ್ಕ್ರೂ ಗೇಜು ಇನ್ನೂ ಒಳ್ಳೆಯದು.

ಕೊನೆಯದಾಗಿ ಫ್ಯೂಸಿನ ಮಾತು. ಹಳೆಯ ಮನೆಗಳಲ್ಲಿಯೂ ತೋಟದ ಪಂಪಿನ ಹಲಗೆಗಳಲ್ಲಿಯೂ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳು ಇನ್ನೂ ಇವೆ. ಅವುಗಳಲ್ಲಿ ಕಟ್ಟಬೇಕಾದ ಕಲಾಯಿ ಮಾಡಿದ ತಾಮ್ರದ ಎಳೆ ಐದು ಆಂಪಿಯರಿಗೆ ೦.೨ ಮಿಲಿಮೀಟರು, ಹದಿನೈದಕ್ಕೆ ೦.೫, ಮೂವತ್ತಕ್ಕೆ ೦.೮೫. ರಾತ್ರಿ ಫ್ಯೂಸು ಹೋದಾಗ ಅಂಗಡಿ ಬಾಗಿಲು ಹಾಕಿರುತ್ತದೆ. ಮನೆಯಲ್ಲಿ ಬಿದ್ದಿದ್ದ ೩/೨೦ರ ತುಂಡಿನಿಂದ ‘ಒಂದೇ ಎಳೆ ತಾನೆ’ ಎಂದು ಬಿಡಿಸಿ ಕಟ್ಟಿದವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಆ ಒಂದೇ ಎಳೆಯ ವ್ಯಾಸ ೦.೯೧ ಮಿಲಿಮೀಟರು; ಮೂವತ್ತು ಆಂಪಿಯರಿನ ಫ್ಯೂಸು ತಂತಿಗಿಂತಲೂ ದಪ್ಪ. ಇಂಥ ಎಳೆ ಕರಗಬೇಕಾದರೆ ಮೂವತ್ತರ ಇಮ್ಮಡಿಯಷ್ಟು ಪ್ರವಾಹ ಹರಿಯಬೇಕು. ಗೋಡೆಯೊಳಗಿನ ೩/೨೦ರ ತಂತಿಗಾದರೋ ಸುಮಾರು ಹದಿನೈದು ಆಂಪಿಯರೇ ಹಿತವಾದ ಭಾರ. ಅಂದಮೇಲೆ ಆ ಮನೆಯಲ್ಲಿ ಫ್ಯೂಸಿನ ಕೆಲಸವನ್ನು ಗೋಡೆಯೊಳಗಿನ ತಂತಿಯೇ ವಹಿಸಿಕೊಳ್ಳಬೇಕಾಗುತ್ತದೆ. ಮೊದಲು ಕರಗುವುದು ಅದರ ಹೊದಿಕೆ, ಸೂರಿನ ಮರದ ಪಕ್ಕದಲ್ಲಿ. ಹೊಸ ಮನೆಗಳಲ್ಲಿ ಕಿಟ್‌ಕ್ಯಾಟಿನ ಬದಲು ಎಂ.ಸಿ.ಬಿ. ಇರುತ್ತದೆ. ಅದು ಪದೇಪದೇ ಬೀಳುತ್ತದೆಂದು ಬೇಸತ್ತು, ಒಂದೂವರೆಯ ತಂತಿಯನ್ನು ಹಾಗೆಯೇ ಬಿಟ್ಟು, ಹತ್ತರ ಜಾಗಕ್ಕೆ ಮೂವತ್ತೆರಡರದನ್ನು ಹಾಕಿಸಿಕೊಳ್ಳುವವರು ಮಾಡುತ್ತಿರುವುದೂ ಇದನ್ನೇ.